ಕೂಗಿ ಕರೆಯುವ ಬೇಟೆ

ಉತ್ತರ ಅಮೆರಿಕದ ಕಾಡಿನಲ್ಲಿ ನೆಲ ಕೆದರಿ ಮೇಯುವ ಹಕ್ಕಿಗಳಲ್ಲಿ ಕಾಡು ಟರ್ಕಿಯೇ ಎಲ್ಲಕ್ಕಿಂತ ದೊಡ್ಡದು. ನಮ್ಮ ನವಿಲು, ಕಾಡುಕೋಳಿ, ಗೌಜಲಹಕ್ಕಿಗಳಿರುವ ಫೇಸಿಯಾನಿಡೇ ಕುಟುಂಬಕ್ಕೇ ಇದೂ ಸೇರುತ್ತದೆ. ಬಲಿತ ಹುಂಜ 7ರಿಂದ 11 ಕಿಲೋ ತೂಗಿದರೆ, ಹೇಂಟೆ ಅದರ ಅರ್ಧದಷ್ಟಿರುತ್ತದೆ. ಅಲಾಸ್ಕಾ ಒಂದನ್ನು ಬಿಟ್ಟು ಅಮೆರಿಕದ ಉಳಿದ 49 ರಾಜ್ಯಗಳಲ್ಲೂ ವಸಂತದಲ್ಲಿ ಕೆಲವು ವಾರ ಈ ಹುಂಜದ ಬೇಟೆಗೆ ಅನುಮತಿ ಇದೆ. ಈ ಬೇಟೆಯ ವಿಶೇಷವೆಂದರೆ, ಇಲ್ಲಿ ಬೇಟೆಗಾರ ಹಕ್ಕಿಯನ್ನು ಅರಸಿ ಅಲೆಯುವುದಿಲ್ಲ. ಒಂದು ಮರಕ್ಕೆ ಬೆನ್ನು ಕೊಟ್ಟು ಕೂತು, ಹೇಂಟೆಯ ದನಿಯಲ್ಲಿ ಕೂಗಿ, ಹುಂಜ ತಾನಾಗಿ ನಡೆದು ಬರುವಂತೆ ಮಾಡುತ್ತಾನೆ. ಮಲೆನಾಡಿನ ಹಳೆಯ ಮಾತಿನಲ್ಲಿ ಹೇಳುವುದಾದರೆ ಇದು ಎಬ್ಬಿಸಿ ಓಡಿಸುವ ಸೋವಿನ ಬೇಟೆಯಲ್ಲ, ಅಡಗಿ ಮರಸು ಕೂರುವ ಬೇಟೆ. ಇಬ್ಬರು ಗೆಳೆಯರು ಜೊತೆಯಾಗಿ ಹೋಗುವ ರೂಢಿಯೂ ಬರಿಯ ಸಹವಾಸಕ್ಕಾಗಿ ಹುಟ್ಟಿದ್ದಲ್ಲ. ಅದಕ್ಕೆ ಹಕ್ಕಿಯ ಸ್ವಭಾವದಲ್ಲೇ ಕಾರಣವಿದೆ.

ಆ ಸ್ವಭಾವ ತಿಳಿಯಬೇಕಾದರೆ ವಸಂತದಲ್ಲಿ ಹುಂಜಕ್ಕೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಚಳಿಗಾಲ ಕಳೆದು ಹಗಲು ಉದ್ದವಾದಂತೆ ಅದರ ಮೈಯಲ್ಲಿ ಹಾರ್ಮೋನುಗಳು ಏರುತ್ತವೆ. ಗರಿಯಿಲ್ಲದ ತಲೆ ಮತ್ತು ಕುತ್ತಿಗೆಯ ಚರ್ಮ ರಕ್ತದ ಹರಿವಿಗೆ ತಕ್ಕಂತೆ ಕೆಂಪು, ಬಿಳಿ, ನೀಲಿಯಾಗಿ ಗಳಿಗೆಗಳಿಗೆಗೂ ಬಣ್ಣ ಬದಲಿಸುತ್ತದೆ. ಕೊಕ್ಕಿನ ಮೇಲಿನ ಮಾಂಸದ ಕುಡಿ ಉದ್ದವಾಗಿ ಕೆಳಗೆ ಜೋಲುತ್ತದೆ. ಎದೆಯ ನಡುವಿನಿಂದ ಗಡ್ಡದಂತೆ ಇಳಿಬಿದ್ದಿರುವುದು ಕೂದಲಲ್ಲ, ಕೂದಲಿನಂತೆ ಮಾರ್ಪಟ್ಟ ಗರಿಗಳ ಕಟ್ಟು. ನೂರು ಹೇಂಟೆಗಳಲ್ಲಿ ಸುಮಾರು ಹತ್ತಕ್ಕೆ ಇಂಥ ಗಡ್ಡ ಇರುವುದೂ ಉಂಟು. ಹುಂಜ ಬಾಲವನ್ನು ಬೀಸಣಿಗೆಯಂತೆ ಬಿಡಿಸಿ, ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತ, ಎದೆಯೊಳಗಿಂದ ಬರುವ ತಗ್ಗಿದ ಗುಂಯ್‌ಗುಡುವಿಕೆಯೊಂದಿಗೆ ಹೆಜ್ಜೆ ಹಾಕುತ್ತದೆ. ಇದೆಲ್ಲಕ್ಕೂ ಮೊದಲು, ಇನ್ನೂ ಬೆಳಕು ಹರಿಯುವ ಮುನ್ನವೇ, ರಾತ್ರಿ ಕೂತ ಮರದ ಕೊಂಬೆಯಿಂದಲೇ ಅದು ಕೂಗತೊಡಗುತ್ತದೆ. ಗಂಟಲಿನಿಂದ ಉಕ್ಕುವ ಆ ಗುಳುಗುಳು ಕೂಗು ಗಾಳಿ ಇಲ್ಲದ ಮುಂಜಾನೆ ಒಂದು ಮೈಲಿಯ ಆಚೆಗೂ ಕೇಳಿಸುತ್ತದೆ.

ಕೂಗಿನ ಅರ್ಥ ಸರಳ: ನಾನು ಇಲ್ಲಿದ್ದೇನೆ, ಬನ್ನಿ. ಕಾಡಿನ ಪದ್ಧತಿಯಂತೆ ಹೇಂಟೆಯೇ ಹುಂಜ ಇರುವಲ್ಲಿಗೆ ನಡೆದು ಹೋಗುತ್ತದೆ. ಹುಂಜ ನಿಂತಲ್ಲೇ ನಿಂತು, ಗರಿಗೆದರಿ, ಕಾಯುತ್ತದೆ. ಬೇಟೆಗಾರ ಮಾಡುವುದು ಈ ಪದ್ಧತಿಯನ್ನು ತಲೆಕೆಳಗು ಮಾಡುವ ಕೆಲಸ. ಹೇಂಟೆಯ ದನಿ ಕೇಳಿಸಿದರೂ ಹೇಂಟೆ ಬಾರದಿದ್ದಾಗ ಹುಂಜ ತಾನೇ ಹುಡುಕಿ ಹೊರಡುವಂತೆ ಮಾಡಬೇಕು. ಈ ಬೇಟೆಯ ಎಲ್ಲ ಕಷ್ಟವೂ, ಎಲ್ಲ ಸೊಗಸೂ ಇಲ್ಲಿಂದಲೇ ಹುಟ್ಟುತ್ತವೆ.

ಹುಂಜದ ಕಣ್ಣನ್ನು ವಂಚಿಸುವುದು ಸುಲಭವಲ್ಲ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಕತ್ತನ್ನು ತುಸುವೇ ತಿರುಗಿಸಿದರೂ ಸುತ್ತಲಿನದೆಲ್ಲ ಅದರ ನೋಟಕ್ಕೆ ಸಿಗುತ್ತದೆ. ಬಣ್ಣಗಳನ್ನು ಅದು ಚೆನ್ನಾಗಿ ಗುರುತಿಸಬಲ್ಲದು. ಸಣ್ಣ ಅಲುಗಾಟವನ್ನೂ ಬಿಡುವುದಿಲ್ಲ. ಕಿವಿಯೂ ಚುರುಕು, ದೂರದ ಒಂದು ಕೂಗು ಯಾವ ಮರದ ಬುಡದಿಂದ ಬಂತೆಂಬುದನ್ನು ಕರಾರುವಾಕ್ಕಾಗಿ ಅಂದಾಜು ಮಾಡಿ ಅಲ್ಲಿಗೇ ಬರುತ್ತದೆ. ಮೂಗು ಮಾತ್ರ ಮಂದ. ಹಾಗಾಗಿ ಜಿಂಕೆಯ ಬೇಟೆಗಾರನನ್ನು ಕಾಡುವ ಗಾಳಿಯ ದಿಕ್ಕಿನ ಚಿಂತೆ ಇಲ್ಲಿಲ್ಲ. ಆದರೆ ಮುಖಕ್ಕೆ ಮುಸುಕು, ಕೈಗೆ ಗವಸು, ಕಾಡಿನ ಬಣ್ಣದ ಬಟ್ಟೆ ಬೇಕೇ ಬೇಕು. ಸೊಳ್ಳೆ ಕಚ್ಚಿದರೂ ಅಲುಗದೆ ಕೂರುವ ತಾಳ್ಮೆ ಅದಕ್ಕಿಂತ ಹೆಚ್ಚು ಬೇಕು.

ಇಂಥ ಹಕ್ಕಿ ಒಮ್ಮೆ ಅಮೆರಿಕದಿಂದ ಹೆಚ್ಚು ಕಡಿಮೆ ಅಳಿದೇಹೋಗಿತ್ತು. ವಲಸೆ ಬಂದ ಯುರೋಪಿಯನ್ನರು ಹೊಲಕ್ಕಾಗಿ ಕಾಡು ಕಡಿದರು. ಮಾರುಕಟ್ಟೆಗಾಗಿ ವರ್ಷವಿಡೀ, ಲೆಕ್ಕವಿಲ್ಲದೆ ಹೊಡೆದರು. ಮ್ಯಾಸಚೂಸೆಟ್ಸ್‌ನಲ್ಲಿ ಕೊನೆಯ ಕಾಡು ಟರ್ಕಿ 1851ರಲ್ಲಿ ಇಲ್ಲವಾಯಿತು. 20ನೆಯ ಶತಮಾನದ ಮೊದಲ ದಶಕಗಳ ಹೊತ್ತಿಗೆ ಅದು ಮೂಲತಃ ಇದ್ದ 39 ರಾಜ್ಯಗಳ ಪೈಕಿ 18ರಲ್ಲಿ ಒಂದೂ ಉಳಿದಿರಲಿಲ್ಲ. ಕಾನೂನಿಗೆ ವಿರುದ್ಧವಾಗಿ ಹೊಡೆದ ಪ್ರಾಣಿಪಕ್ಷಿಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಮಾರುವುದನ್ನು 1900ರ ಲೇಸಿ ಕಾಯ್ದೆ ಅಪರಾಧವಾಗಿಸಿತು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಕೋವಿ ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಸಂರಕ್ಷಣೆಗೆಂದೇ ರಾಜ್ಯಗಳಿಗೆ ಹಂಚುವ ವ್ಯವಸ್ಥೆ ತಂದಿತು. ಇಂದಿಗೂ ಅಮೆರಿಕದ ರಾಜ್ಯಗಳು ವನ್ಯಜೀವಿಗಳನ್ನು ನೋಡಿಕೊಳ್ಳುವ ಹಣದ ಒಂದು ದೊಡ್ಡ ಪಾಲು ಬೇಟೆಗಾರರ ಜೇಬಿನಿಂದಲೇ ಬರುತ್ತಿದೆ.

ಹಣ ಬಂದ ಮೇಲೂ ಹಕ್ಕಿ ಕೂಡಲೇ ಮರಳಲಿಲ್ಲ. ಗೂಡಿನಲ್ಲಿ ಸಾಕಿದ ಟರ್ಕಿಗಳನ್ನು ಹಲವು ರಾಜ್ಯಗಳು ಸಾವಿರಗಟ್ಟಲೆ ಕಾಡಿಗೆ ಬಿಟ್ಟವು. ಅವುಗಳಲ್ಲಿ ಬಹುಪಾಲು ಸತ್ತವು. ತಾಯಿಯ ಹಿಂದೆ ಬೆಳೆಯದ ಮರಿಗೆ ನರಿ, ಗಿಡುಗಗಳ ಭಯ ಗೊತ್ತಿರಲಿಲ್ಲ. ಮೇವು ಹುಡುಕಲೂ ಬರುತ್ತಿರಲಿಲ್ಲ. ದಾರಿ ತೋರಿಸಿದ್ದು ಒಂದು ಬಲೆ. ನೆಲದ ಮೇಲೆ ಜೋಳ ಚೆಲ್ಲಿ, ಹಕ್ಕಿಗಳು ಗುಂಪುಗೂಡಿ ಮೇಯುವಾಗ ಸಣ್ಣ ಫಿರಂಗಿಗಳಿಂದ ಅವುಗಳ ಮೇಲೆ ಅಗಲವಾದ ಬಲೆಯನ್ನು ಹಾರಿಸುವ ಈ ಉಪಾಯವನ್ನು ಮೊದಲು ಬಾತುಗಳಿಗಾಗಿ ರೂಪಿಸಲಾಗಿತ್ತು. 1951ರಲ್ಲಿ ದಕ್ಷಿಣ ಕ್ಯಾರೊಲೈನಾದ ಫ್ರಾನ್ಸಿಸ್ ಮೇರಿಯನ್ ರಾಷ್ಟ್ರೀಯ ಅರಣ್ಯದಲ್ಲಿ ಅದನ್ನು ಟರ್ಕಿಯ ಮೇಲೆ ಪ್ರಯೋಗಿಸಿದರು. ಹೀಗೆ ಹಿಡಿದ ನಿಜವಾದ ಕಾಡುಹಕ್ಕಿಗಳನ್ನು ಖಾಲಿ ಕಾಡುಗಳಿಗೆ ಒಯ್ದು ಬಿಟ್ಟಾಗ ಅವು ನೆಲೆಯೂರಿ ಹೆಚ್ಚಿದವು.

ಮಿಸೌರಿ ರಾಜ್ಯದ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. 1950ರ ದಶಕದ ಆರಂಭಕ್ಕೆ ರಾಜ್ಯದ ದಕ್ಷಿಣದ ಓಜಾರ್ಕ್ ಗುಡ್ಡಗಳ 14 ಕೌಂಟಿಗಳಲ್ಲಿ 2,500ಕ್ಕಿಂತ ಕಡಿಮೆ ಹಕ್ಕಿಗಳು ಉಳಿದಿದ್ದವು. ರಾಜ್ಯದ ಸಂರಕ್ಷಣಾ ಇಲಾಖೆ 1954ರಿಂದ ಪೆಕ್ ರ‍್ಯಾಂಚ್ ಮೊದಲಾದ ಕಡೆ ಹಕ್ಕಿ ಹಿಡಿದು ಬೇರೆ ಕೌಂಟಿಗಳಿಗೆ ಸಾಗಿಸತೊಡಗಿತು. ಮುಂದಿನ ಕಾಲು ಶತಮಾನದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಹಕ್ಕಿಗಳು ಹೀಗೆ ಊರು ಬದಲಿಸಿದವು. 1960ರ ವಸಂತದಲ್ಲಿ 14 ಕೌಂಟಿಗಳಲ್ಲಿ ಮೂರೇ ದಿನ ಬೇಟೆಗೆ ಅವಕಾಶ ಕೊಟ್ಟಾಗ ಬಿದ್ದದ್ದು 94 ಹುಂಜ. 2000ದ ಹೊತ್ತಿಗೆ ಅದೇ ರಾಜ್ಯದಲ್ಲಿ ಒಂದು ವಸಂತಕ್ಕೆ 50,000ಕ್ಕೂ ಹೆಚ್ಚು ಹುಂಜಗಳನ್ನು ಬೇಟೆಗಾರರು ಮನೆಗೆ ಒಯ್ಯುತ್ತಿದ್ದರು. ಹೊಡೆಯುವುದಕ್ಕೆಂದೇ ಉಳಿಸಿದರೆಂದು ಇದನ್ನು ಹಗುರವಾಗಿ ಕಾಣಬಾರದು. ಒಂದು ಪ್ರಭೇದವನ್ನು ಅಂಚಿನಿಂದ ಹಿಂದಕ್ಕೆ ತಂದ ಕೆಲಸಗಳಲ್ಲಿ ಇಷ್ಟು ಪೂರ್ಣವಾಗಿ ಗೆದ್ದವು ಜಗತ್ತಿನಲ್ಲಿ ಹೆಚ್ಚಿಲ್ಲ.

ಈ ಕಾಡುಹಕ್ಕಿಗಿಂತ ಊಟದ ಮೇಜಿನ ಸಾಕು ಟರ್ಕಿಯ ವಂಶ ಬೇರೆ. ಅದು ಮೆಕ್ಸಿಕೋದ ಉಪಜಾತಿಯಿಂದ ಬಂದದ್ದು. 16ನೆಯ ಶತಮಾನದ ಮೊದಲಲ್ಲೇ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. 1612ರಲ್ಲಿ ಗೋವೆಯಿಂದ ಅದು ಮೊಘಲ್ ದೊರೆ ಜಹಾಂಗೀರನ ಆಸ್ಥಾನ ಮುಟ್ಟಿತು. ಬಣ್ಣ ಬದಲಿಸುವ ಅದರ ತಲೆಯನ್ನು ಕಂಡು ಬೆರಗಾದ ಬಾದಶಹ ತನ್ನ ಆತ್ಮಕಥೆಯಲ್ಲಿ ಅದನ್ನು ವರ್ಣಿಸಿದ್ದಾನೆ. ಆಸ್ಥಾನದ ಚಿತ್ರಕಾರ ಮನ್ಸೂರ್ ಬಿಡಿಸಿದ ಅದರ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಮತ್ತೆ ಕಾಡುಹಕ್ಕಿಗೆ ಬಂದರೆ, ಮಿಸೌರಿಯಲ್ಲಿ ವಸಂತದ ಮುಖ್ಯ ಬೇಟೆ ಏಪ್ರಿಲ್ ಮೂರನೆಯ ಸೋಮವಾರ ಶುರುವಾಗಿ ಮೂರು ವಾರ ನಡೆಯುತ್ತದೆ. ಹುಂಜವನ್ನು ಅಥವಾ ಗಡ್ಡವಿರುವ ಹಕ್ಕಿಯನ್ನು ಮಾತ್ರ ಹೊಡೆಯಬೇಕು. ಒಬ್ಬರಿಗೆ ಒಟ್ಟು ಎರಡು. ಮೊದಲ ವಾರದಲ್ಲಿ ಒಂದೇ. ಸಾರ್ವಜನಿಕ ಕಾಡಿನಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಆರಂಭಿಸಿ ಮಧ್ಯಾಹ್ನ ಒಂದಕ್ಕೆ ನಿಲ್ಲಿಸಬೇಕು. ಕಾಳು ಚೆಲ್ಲಿ ಸೆಳೆಯುವಂತಿಲ್ಲ. ರೆಕಾರ್ಡ್ ಮಾಡಿದ ಕೂಗನ್ನು ಯಂತ್ರದಿಂದ ಹಾಕುವಂತಿಲ್ಲ. ಈ ನಿಯಮಗಳ ಹಿಂದಿರುವುದು ಹೇಂಟೆಯ ದಿನಚರಿ. ಅದು ನೆಲದ ಮೇಲೆ, ಪೊದೆಯ ಬುಡದಲ್ಲಿ ಗುಂಡಿ ಮಾಡಿ, ಎರಡು ವಾರದಲ್ಲಿ ಹತ್ತು ಹನ್ನೆರಡು ಮೊಟ್ಟೆ ಇಟ್ಟು, ಸುಮಾರು 28 ದಿನ ಕಾವು ಕೂರುತ್ತದೆ. ಹುಂಜಕ್ಕೆ ಮೊಟ್ಟೆಯ ಮೇಲೂ ಮರಿಗಳ ಮೇಲೂ ಯಾವ ಹೊಣೆಯೂ ಇಲ್ಲ. ಒಂದು ಹುಂಜ ಹಲವು ಹೇಂಟೆಗಳನ್ನು ಕೂಡುತ್ತದೆ. ಆದ್ದರಿಂದ ಬಹುಪಾಲು ಹೇಂಟೆಗಳು ಕೂಡಿ ಮುಗಿಸಿದ ಮೇಲೆ ಕೆಲವು ಹುಂಜಗಳು ಹೋದರೂ ಮುಂದಿನ ಪೀಳಿಗೆಗೆ ಕೊರತೆಯಾಗದು ಎಂಬ ಲೆಕ್ಕದ ಮೇಲೆ ಇಡೀ ವಸಂತದ ಬೇಟೆ ನಿಂತಿದೆ.

ಇಬ್ಬರು ಗೆಳೆಯರ ಬೇಟೆ ಹಿಂದಿನ ಸಂಜೆಯೇ ಆರಂಭವಾಗುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ದಿಬ್ಬದ ಮೇಲೆ ನಿಂತು ಕಿವಿ ಕೊಟ್ಟರೆ ಹಕ್ಕಿಗಳು ಮರಕ್ಕೆ ಹಾರುವ ರೆಕ್ಕೆಯ ಬಡಿತ ಕೇಳುತ್ತದೆ. ಕೇಳದಿದ್ದರೆ ಬಾರ್ಡ್ ಔಲ್ ಎಂಬ ಗೂಬೆಯ ದನಿ ಮಾಡುತ್ತಾರೆ. ತಟ್ಟನೆ ಬಿದ್ದ ದೊಡ್ಡ ದನಿಗೆ ಹುಂಜ ತಡೆಯಲಾರದೆ ಓಗೊಡುತ್ತದೆ. ಎಲ್ಲಿ ಕೂತಿದೆ ಎಂಬುದು ಬಯಲಾಗುತ್ತದೆ. ಬೆಳಗಿನ ಜಾವ ಇನ್ನೂ ಕತ್ತಲಿರುವಾಗ, ಟಾರ್ಚ್ ಹಾಕದೆ, ಆ ಮರದಿಂದ ನೂರು ನೂರೈವತ್ತು ಮೀಟರ್ ದೂರದವರೆಗೆ ಹೋಗಿ ಕೂರಬೇಕು. ಹತ್ತಿರ ಹೋದರೆ ಹಕ್ಕಿ ನೋಡುತ್ತದೆ. ದೂರ ಉಳಿದರೆ ಬೇರೆ ಹೇಂಟೆ ನಡುವೆ ಬಂದು ಅದನ್ನು ಕರೆದೊಯ್ಯುತ್ತದೆ. ಹುಂಜ ಸಾಮಾನ್ಯವಾಗಿ ಹಳ್ಳ, ಬೇಲಿ, ದಟ್ಟ ಹಳು ದಾಟಿ ಬರಲು ಒಪ್ಪುವುದಿಲ್ಲವಾದ್ದರಿಂದ ನಡುವೆ ಅಂಥ ಅಡ್ಡಿ ಇಲ್ಲದ ಜಾಗ ಆರಿಸಬೇಕು. ಓಜಾರ್ಕ್‌ನಲ್ಲಿ ಓಕ್ ಮರಗಳ ಏಣುಗಳ ಮೇಲೆ ಇಂಥ ಜಾಗಗಳು ಸಿಗುತ್ತವೆ. ಏಪ್ರಿಲ್‌ನಲ್ಲಿ ಅಲ್ಲಿ ರೆಡ್‌ಬಡ್ ಮರಗಳು ನೇರಳೆ ಗುಲಾಬಿಯಾಗಿ, ಡಾಗ್‌ವುಡ್ ಬೆಳ್ಳಗೆ ಹೂಬಿಟ್ಟಿರುತ್ತವೆ. ತರಗೆಲೆಯ ನಡುವೆ ಮೊರೆಲ್ ಅಣಬೆ ಏಳುವ ಕಾಲವೂ ಅದೇ.

ಕೂಗುವ ಸಾಧನಗಳಲ್ಲಿ ಬಹಳ ಬಗೆ. ಹಳೆಯದು ಟರ್ಕಿಯದೇ ರೆಕ್ಕೆಯ ಮೂಳೆಯನ್ನು ಕೊಳವೆ ಮಾಡಿ ಹೀರುವ ಪೀಪಿ. ಅಮೆರಿಕದ ಮೂಲನಿವಾಸಿಗಳು ಯುರೋಪಿಯನ್ನರು ಬರುವ ಎಷ್ಟೋ ಮೊದಲೇ ಅದನ್ನು ಬಳಸುತ್ತಿದ್ದರು. ಮರದ ಪೆಟ್ಟಿಗೆಯ ಅಂಚಿಗೆ ಮುಚ್ಚಳವನ್ನು ಉಜ್ಜಿ ದನಿ ಹೊರಡಿಸುವ ಬಾಕ್ಸ್ ಕಾಲ್‌ಗೆ 1897ರಲ್ಲಿ ಆರ್ಕನ್ಸಾದ ಹೆನ್ರಿ ಗಿಬ್ಸನ್ ಪೇಟೆಂಟ್ ಪಡೆದ. ಇನ್ನೊಂದು, ಅಂಗೈಯಗಲದ ದುಂಡು ಬಟ್ಟಲಿನ ಮೇಲೆ ಕೂರಿಸಿದ ಕಲ್ಲಿನ ಬಿಲ್ಲೆ. ಶಾಲೆಯ ಸ್ಲೇಟಿನದೇ ಕಲ್ಲು ಅದು. ಮರದ ಕಡ್ಡಿಯಿಂದ ಅದರ ಮೇಲೆ ಸಣ್ಣ ಸುತ್ತು ಗೀಚಿದರೆ ಹೇಂಟೆಯ ದನಿ ಏಳುತ್ತದೆ. ಕಲಿಯಲು ಕಷ್ಟವಾದರೂ ಎಲ್ಲಕ್ಕಿಂತ ಉಪಯುಕ್ತವಾದದ್ದು ಬಾಯೊಳಗೆ ಅಂಗುಳಿಗೆ ಒತ್ತಿ ಊದುವ ತೆಳು ರಬ್ಬರಿನ ಪೊರೆ, ಏಕೆಂದರೆ ಅದಕ್ಕೆ ಕೈ ಬೇಡ. ಕೋವಿ ಹಿಡಿದೇ ಕೂಗಬಹುದು.

ಸಾಧನಕ್ಕಿಂತ ಭಾಷೆ ಮುಖ್ಯ. ಮರದ ಮೇಲೆ ಎಚ್ಚರಗೊಂಡ ಹೇಂಟೆ ಮೆಲ್ಲಗೆ ಎರಡು ಮೂರು ದನಿ ಮಾಡುತ್ತದೆ. ನೆಲಕ್ಕಿಳಿದ ಮೇಲೆ ಐದಾರು ದನಿಗಳ ಸರಣಿಯಲ್ಲಿ ಸಂಗಾತಿಯನ್ನು ಕರೆಯುತ್ತದೆ. ಮೇಯುತ್ತ ನೆಮ್ಮದಿಯಲ್ಲಿದ್ದಾಗ ಗಂಟಲಲ್ಲೇ ಗುರುಗುಟ್ಟುತ್ತದೆ. ಉದ್ರೇಕಗೊಂಡಾಗ ಚುರುಕಾಗಿ ಕಡಿಕಡಿದು ಕೂಗುತ್ತದೆ. ಒಂಟಿಯಾಗಿ, ಗಡಸಾಗಿ ಬರುವ ಒಂದು ದನಿಯ ಅರ್ಥ ಅಪಾಯ. ಅದು ಕೇಳಿದರೆ ಸುತ್ತಲಿನ ಹಕ್ಕಿಗಳೆಲ್ಲ ಮಾಯ. ಹೊಸಬರು ಸಾಮಾನ್ಯವಾಗಿ ಅತಿಯಾಗಿ ಕೂಗುತ್ತಾರೆ. ಹುಂಜ ಉತ್ತರಿಸಿ ಹತ್ತಿರವಾಗುತ್ತಿದ್ದರೆ ಬಾಯಿ ಮುಚ್ಚಿಕೊಳ್ಳುವುದೇ ಸರಿಯಾದ ವಿದ್ಯೆ. ದನಿ ನಿಂತ ಹೇಂಟೆಯನ್ನು ಹುಡುಕುವ ತವಕ ಅದನ್ನು ಮುಂದಕ್ಕೆ ನಡೆಸುತ್ತದೆ.

ಆದರೂ ಹುಂಜ ಅನೇಕ ಸಲ ಅರವತ್ತು ಎಪ್ಪತ್ತು ಮೀಟರ್ ದೂರದಲ್ಲಿ ನಿಂತುಬಿಡುತ್ತದೆ. ಇಷ್ಟು ದೂರ ನಾನು ಬಂದಾಯಿತು, ಉಳಿದದ್ದು ನೀನು ಬಾ ಎಂಬುದು ಅದರ ಪಟ್ಟು. ಕೋವಿಯ ಚರೆ ಖಚಿತವಾಗಿ ಮುಟ್ಟುವ ದೂರ ನಲವತ್ತು ಗಜದೊಳಗೆ. ಒಬ್ಬನೇ ಕೂತ ಬೇಟೆಗಾರನಿಗೆ ಇಲ್ಲಿ ದಾರಿ ಮುಚ್ಚುತ್ತದೆ. ಗೆಳೆಯನ ಪಾತ್ರ ತೆರೆದುಕೊಳ್ಳುವುದು ಇಲ್ಲೇ. ಕೋವಿ ಹಿಡಿದವ ಮುಂದೆ ಕೂರುತ್ತಾನೆ. ಕೂಗುವವ ಅವನ ಬೆನ್ನ ಹಿಂದೆ, ಮೂವತ್ತು ನಲವತ್ತು ಹೆಜ್ಜೆ ದೂರದ ದಪ್ಪ ಮರದ ಮರೆಯಲ್ಲಿ. ಹುಂಜ ಕೂಗಿನಿಂದ ಅರವತ್ತು ಮೀಟರ್ ದೂರ ನಿಂತರೂ ಮುಂದಿನವನಿಗೆ ಅದು ಸುಮಾರು ಮೂವತ್ತೇ ಮೀಟರ್. ಅಷ್ಟಕ್ಕೂ ಬಾರದಿದ್ದರೆ ಹಿಂದಿನವ ಕೂಗುತ್ತ ಇನ್ನೂ ದೂರ ಸರಿಯುತ್ತಾನೆ. ಹೇಂಟೆ ಬೇಸತ್ತು ಹೊರಟಿತೆಂದು ತಿಳಿದ ಹುಂಜ ಪಟ್ಟು ಸಡಿಲಿಸಿ ಹಿಂಬಾಲಿಸುತ್ತದೆ. ಅದರ ಕಣ್ಣೂ ಕಿವಿಯೂ ದೂರದ ದನಿಯ ಮೇಲೆ ನೆಟ್ಟಿರುವುದರಿಂದ ನಡುವೆ ಕೂತವನನ್ನು ಗಮನಿಸುವ ಸಂಭವ ಕಡಿಮೆ.

ಕೂಗುವವನಿಗೆ ಹಕ್ಕಿ ಬಹುಪಾಲು ಕಾಣುವುದೇ ಇಲ್ಲ. ಉತ್ತರದ ದನಿ ಹತ್ತಿರವಾಗುವುದನ್ನು ಕೇಳುತ್ತ, ಮುಂದಿನವ ಏನು ನೋಡುತ್ತಿದ್ದಾನೆಂದು ಊಹಿಸುತ್ತ ಅವನು ಕೂರುತ್ತಾನೆ. ಆದರೂ ಅನುಭವಿಗಳಲ್ಲಿ ಅನೇಕರು ಕೋವಿಯನ್ನು ಗೆಳೆಯನಿಗೆ ಕೊಟ್ಟು ಕೂಗುವ ಕೆಲಸವನ್ನೇ ಬಯಸಿ ವಹಿಸಿಕೊಳ್ಳುತ್ತಾರೆ. ಅದು ಸಹಜ, ಏಕೆಂದರೆ ಈ ಬೇಟೆಯ ವಿದ್ಯೆಯೆಲ್ಲ ಇರುವುದು ದನಿಯಲ್ಲಿ. ಕೋವಿಯ ಕುದುರೆ ಎಳೆಯುವುದು ಅದರ ಕೊನೆಯ, ಚಿಕ್ಕ ಭಾಗ. ಬಲಗೈಯವ ತನ್ನ ಎಡಭುಜ ಹಕ್ಕಿ ಬರುವ ದಿಕ್ಕಿಗಿರುವಂತೆ ಕೂರಬೇಕು, ಆಗ ಕೋವಿಯನ್ನು ಎರಡೂ ಬದಿಗೆ ತಿರುಗಿಸಲು ಅವಕಾಶ ಸಿಗುತ್ತದೆ. ಹುಂಜದ ತಲೆ ಮರದ ಮರೆಗೆ ಹೋದಾಗ ಮಾತ್ರ ಅಲುಗಬೇಕು. ಗುರಿ ತಲೆ ಮತ್ತು ಕುತ್ತಿಗೆಗೆ. ಗರಿಯ ದಪ್ಪ ಹೊದಿಕೆಯುಳ್ಳ ಮೈಗೆ ಹೊಡೆದರೆ ಹಕ್ಕಿ ಗಾಯಗೊಂಡು ತಪ್ಪಿಸಿಕೊಂಡು ಎಲ್ಲೋ ಸಾಯುತ್ತದೆ. ಈಚೆಗೆ ಸೀಸದ ಜಾಗಕ್ಕೆ ಟಂಗ್‌ಸ್ಟನ್ ಚರೆ ಬರುತ್ತಿದೆ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗಿದರೆ ಇದು ಸುಮಾರು 18 ಗ್ರಾಂ ತೂಗುವುದರಿಂದ ತೀರ ಸಣ್ಣ ಚರೆಯೂ ಬಲವಾಗಿ ನಾಟುತ್ತದೆ.

ಬೆಳಗ್ಗೆ ಹುಂಜ ಹೇಂಟೆಗಳ ನಡುವೆಯೇ ಕೆಳಗಿಳಿದರೆ ಯಾವ ಕೂಗೂ ಅದನ್ನು ಅಲ್ಲಿಂದ ಕದಲಿಸದು. ಆಗ ಎದ್ದು ಹೋಗದೆ ಕಾಯುವುದು ಜಾಣತನ. ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಹೇಂಟೆಗಳು ಒಂದೊಂದಾಗಿ ಮೊಟ್ಟೆಯಿಡಲು ಗೂಡಿಗೆ ಜಾರುತ್ತವೆ. ಒಂಟಿಯಾದ ಹುಂಜ ಬೆಳಗ್ಗೆ ಅಲಕ್ಷಿಸಿದ್ದ ದನಿಯನ್ನು ನೆನೆದು ಹುಡುಕಿಕೊಂಡು ಬರುವುದುಂಟು. ಅದು ಹೆಚ್ಚಾಗಿ ಸದ್ದಿಲ್ಲದೆ ಬರುತ್ತದೆ. ಎದ್ದು ನಿಂತ ಗಳಿಗೆಯಲ್ಲೇ ಹತ್ತು ಮಾರು ದೂರದಿಂದ ಅದು ಹಾರಿಹೋಗುವುದನ್ನು ನೋಡಿದವರು ಅನೇಕರು.

ಈ ಬೇಟೆಯ ದೊಡ್ಡ ಅಪಾಯ ಇನ್ನೊಬ್ಬ ಬೇಟೆಗಾರ. ಎಲ್ಲರೂ ಕಾಡಿನ ಬಣ್ಣ ತೊಟ್ಟು, ಎಲ್ಲರೂ ಹಕ್ಕಿಯ ದನಿ ಮಾಡುತ್ತ ಅಡಗಿ ಕೂತಿರುವಾಗ, ದನಿ ಬಂದ ಕಡೆಗೆ ತೆವಳಿಕೊಂಡು ಹೋಗುವವನು ತನ್ನ ಜೀವವನ್ನೂ ಇನ್ನೊಬ್ಬರ ಜೀವವನ್ನೂ ಪಣಕ್ಕಿಡುತ್ತಾನೆ. ಭುಜಕ್ಕಿಂತ ಅಗಲವಾದ ಮರಕ್ಕೇ ಬೆನ್ನು ಕೊಡಬೇಕು. ಹುಂಜದ ತಲೆಯ ಬಣ್ಣಗಳಾದ ಕೆಂಪು, ಬಿಳಿ, ನೀಲಿಯ ಕರವಸ್ತ್ರವೂ ಮೈಮೇಲೆ ಕಾಣಬಾರದು. ಅಪರಿಚಿತರು ಹತ್ತಿರ ಬಂದರೆ ಕೈ ಬೀಸದೆ ಗಟ್ಟಿಯಾಗಿ ಮಾತಾಡಬೇಕು. ಇಬ್ಬರು ಹೋದಾಗ ಯಾರು ಎಲ್ಲಿ, ಯಾವ ದಿಕ್ಕಿಗೆ ಈಡು ಹಾರಿಸುವಂತಿಲ್ಲ ಎಂಬುದನ್ನು ಕೂರುವ ಮುನ್ನವೇ ತೀರ್ಮಾನಿಸಿರಬೇಕು. ಹೇಳದೆ ಜಾಗ ಬದಲಿಸಬಾರದು. ಬಿದ್ದ ಹುಂಜವನ್ನು ಹೊತ್ತು ನಡೆಯುವಾಗ ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ಸುತ್ತುವುದು ಪದ್ಧತಿ. ಉಣ್ಣೆಗಳೂ ಲೆಕ್ಕಕ್ಕೆ ಬರಬೇಕಾದ ಅಪಾಯವೇ. ಓಜಾರ್ಕ್‌ನಲ್ಲಿ ಹೇರಳವಾಗಿರುವ ಲೋನ್ ಸ್ಟಾರ್ ಉಣ್ಣೆ ಕಚ್ಚಿದ ಕೆಲವರಿಗೆ ದನ, ಹಂದಿ, ಕುರಿಗಳ ಮಾಂಸವೇ ಒಗ್ಗದಂಥ ಅಲರ್ಜಿ ಅಂಟಿಕೊಳ್ಳುತ್ತದೆ.

ಮಿಸೌರಿಯಲ್ಲಿ ಹೊಡೆದ ಹಕ್ಕಿಯನ್ನು ಅದೇ ದಿನ ಸಂರಕ್ಷಣಾ ಇಲಾಖೆಗೆ ವರದಿ ಮಾಡಬೇಕು. ತೂಕ, ಗಡ್ಡದ ಉದ್ದ, ಕಾಲುಮುಳ್ಳಿನ ಉದ್ದ ಅಳೆಯುತ್ತಾರೆ. ವಯಸ್ಸು ಹೇಳುವುದು ಮುಳ್ಳು: ಒಂದು ವರ್ಷದ ಹುಂಜದಲ್ಲಿ ಅದು ಮೊಂಡು ಗುಬುಟು, ಮೂರು ವರ್ಷ ದಾಟಿದ್ದರಲ್ಲಿ ಇಂಚಿಗೂ ಮೀರಿ ಚೂಪಾಗಿ ಬಾಗಿರುತ್ತದೆ. ಎದೆಯ ಮಾಂಸವನ್ನು ತೆಳುವಾಗಿ ಕೊಯ್ದು ಬೇಗ ಕರಿದರೆ ಮೃದು. ಓಡಿ ಬಲಿತ ಕಾಲುಗಳಿಗೆ ನಾಲ್ಕಾರು ಗಂಟೆ ಸಣ್ಣ ಉರಿ ಬೇಕು. ಇಬ್ಬರ ಬೇಟೆಯಲ್ಲಿ ಮಾಂಸ ಇಬ್ಬರಿಗೂ ಹಂಚಿಕೆಯಾಗುವುದು ರೂಢಿ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಇಂಥ ಬೇಟೆಗೆ ಜಾಗವಿಲ್ಲ. ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಗೆಳೆಯರ ಕರೆಗೆ ಹೊರಡುವ ಕನ್ನಡಿಗರು ಎರಡು ಸಂಗತಿ ತಿಳಿದಿರಬೇಕು. ಮಿಸೌರಿಯಲ್ಲಿ 1967ರ ಜನವರಿ 1ರಂದು ಅಥವಾ ಆ ನಂತರ ಹುಟ್ಟಿದ ವಯಸ್ಕರು ಕೋವಿ ಹಿಡಿದು ಒಬ್ಬರೇ ಬೇಟೆಯಾಡಬೇಕಾದರೆ ಬೇಟೆಗಾರರ ತರಬೇತಿಯ ಪ್ರಮಾಣಪತ್ರ ಪಡೆದಿರಬೇಕು. ಉದ್ಯೋಗ ಅಥವಾ ವಿದ್ಯಾರ್ಥಿ ವೀಸಾದವರು ಕೋವಿ ಮುಟ್ಟುವುದನ್ನೇ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಧಿಕೃತ ಬೇಟೆ ಪರವಾನಗಿ ಉಳ್ಳವರಿಗೆ ವಿನಾಯಿತಿ ಇದೆ. ಕೂಗುವ ಗೆಳೆಯನಾಗಿ ಬರಿಗೈಯಲ್ಲಿ ಹೋಗುವುದು ಸರಳವಾದ ಮತ್ತು ಒಳ್ಳೆಯ ಆರಂಭ.

2000ದ ದಶಕದ ಆರಂಭದಲ್ಲಿ ದೇಶದಲ್ಲಿ 70 ಲಕ್ಷದ ಹತ್ತಿರ ಬಂದಿದ್ದ ಕಾಡು ಟರ್ಕಿಯ ಸಂಖ್ಯೆ ಆ ಮೇಲೆ ಇಳಿದಿದೆ. ಆಗ್ನೇಯ ರಾಜ್ಯಗಳಲ್ಲಿ, ಮಿಸೌರಿಯಲ್ಲೂ, ಇಳಿತ ಸ್ಪಷ್ಟವಾಗಿದೆ. ಗೂಡಿಗೆ ಬೇಕಾದ ಹುಲ್ಲು ಪೊದೆಗಳು ಕಡಿಮೆಯಾದದ್ದು, ಮೊಟ್ಟೆ ಕದಿಯುವ ರಕೂನ್‌ನಂಥ ಪ್ರಾಣಿಗಳು ಹೆಚ್ಚಿದ್ದು, ಮರಿಗಳ ಮೊದಲ ವಾರಗಳಲ್ಲಿ ಸುರಿಯುವ ತಣ್ಣನೆಯ ಮಳೆ, ಹೀಗೆ ಕಾರಣಗಳು ಹಲವು. ಬೇಟೆ ತೀರ ಬೇಗ ಶುರುವಾಗಿ, ಹೇಂಟೆಗಳು ಕೂಡುವ ಮೊದಲೇ ಪ್ರಬಲ ಹುಂಜಗಳನ್ನು ಕಳೆದುಕೊಳ್ಳುತ್ತಿವೆಯೇ ಎಂಬ ಪ್ರಶ್ನೆಯನ್ನೂ ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕೆಲ್ ಚೇಂಬರ್ಲೇನ್ ಮೊದಲಾದ ವಿಜ್ಞಾನಿಗಳು ಎತ್ತಿದ್ದಾರೆ. ದಕ್ಷಿಣದ ಹಲವು ರಾಜ್ಯಗಳು ಬೇಟೆಯ ಆರಂಭವನ್ನು ಮುಂದಕ್ಕೆ ಹಾಕಿವೆ. ತಲೆಗಿಷ್ಟು ಎಂಬ ಮಿತಿಯನ್ನೂ ತಗ್ಗಿಸಿವೆ. ಮಿಸೌರಿಯಲ್ಲಿ 1959ರಿಂದಲೂ ಬೇಸಿಗೆಯಲ್ಲಿ ಹೇಂಟೆಗಳನ್ನೂ ಅವುಗಳ ಹಿಂದಿರುವ ಮರಿಗಳನ್ನೂ ಎಣಿಸುವ ಸಮೀಕ್ಷೆ ನಡೆಯುತ್ತಿದೆ. ಜೂನ್‌ನಿಂದ ಆಗಸ್ಟ್ ತನಕ ರೈತರು, ಬೇಟೆಗಾರರು, ದಾರಿಹೋಕರು ತಾವು ಕಂಡದ್ದನ್ನು ಇಲಾಖೆಗೆ ಬರೆದು ಕಳಿಸುತ್ತಾರೆ.